ಮನೆಯವರ ಧ್ವನಿ

ಘಟನೆಗಳು ನಡೆದ ಕ್ರಮ ಹೀಗಿದೆ. 2039ರ ಜುಲೈ ಒಂಬತ್ತರಂದು ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ, ತುಮಕೂರಿನ ಶಿರಾಗೇಟ್ ಬಳಿಯ ಒಂದು ಬಾಡಿಗೆ ಮನೆಯ ಗೋಡೆಗೆ ‘ಕಿವಿಗೂಡು’ ಎಂಬ ಸಾಧನವನ್ನು ಅಳವಡಿಸಲಾಯಿತು. ಅದೇ ಗಳಿಗೆಯಲ್ಲಿ ಆ ಮನೆಯ ಗೃಹಿಣಿ ಚಂದ್ರಕಲಾ ಒಪ್ಪಿಗೆಯ ಪರದೆಯ ಮೇಲೆ ಹೆಬ್ಬೆರಳು ಒತ್ತಿದಳು. 2041ರ ಸೆಪ್ಟೆಂಬರ್ ಇಪ್ಪತ್ತೆರಡರಂದು ಆಕೆಯ ಒಬ್ಬಳೇ ಮಗಳು ಮೇದಿನಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಡೆಂಗಿ ಜ್ವರದಿಂದ ತೀರಿಕೊಂಡಳು. 2043ರ ಮಾರ್ಚ್ ಹದಿನಾಲ್ಕರ ಶನಿವಾರ, ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ, ಚಂದ್ರಕಲಾ ಮಗಳ ದನಿಯನ್ನು ಪರರ ಮನೆಯಲ್ಲಿ ಕೇಳಿದಳು.

ಈ ನಾಲ್ಕು ಸಾಲುಗಳನ್ನು ದೂರಿನ ಕಡತದ ಮೊದಲ ಪುಟದಲ್ಲಿ ದಾಖಲಿಸಿದವಳು ಪ್ರಣತಿ. ಕಿವಿಗೂಡನ್ನು ತಯಾರಿಸುವ ಸಂಸ್ಥೆಯ ದೂರು ಪರಿಶೀಲನಾ ವಿಭಾಗದಲ್ಲಿ ಅವಳಿಗೆ ಕೆಲಸ. ದಿನಾಂಕಗಳನ್ನು ಒಂದರ ಕೆಳಗೊಂದು ಜೋಡಿಸಿಬಿಟ್ಟರೆ ಎಂಥ ಗೋಜಲೂ ತಾನಾಗಿ ಬಿಡಿಸಿಕೊಳ್ಳುತ್ತದೆ ಎಂಬುದು ಅವಳ ನಂಬಿಕೆ. ಈ ಸಲ ಮಾತ್ರ ನಾಲ್ಕನೆಯ ಸಾಲನ್ನು ಬರೆದು ಮುಗಿಸಿದ ಮೇಲೆ ಅವಳು ನಾಲ್ಕನ್ನೂ ಮತ್ತೆ ಮೊದಲಿನಿಂದ ಓದಿದಳು; ಗೋಜಲು ಹಾಗೇ ಇತ್ತು.

ನಡೆದದ್ದಿಷ್ಟು. ಚಂದ್ರಕಲಾ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಆ ಶನಿವಾರ ಅಶೋಕನಗರದ ಗಿರಾಕಿಯೊಬ್ಬರ ಮನೆಗೆ ರವಿಕೆ ಕೊಡಲು ಹೋಗಿದ್ದಳು. ಹಜಾರದಲ್ಲಿ ನಿಂತು ತೋಳಿನ ಅಳತೆ ತೋರಿಸುತ್ತಿದ್ದಾಗ ಒಳಕೋಣೆಯಲ್ಲಿ ಯಾರೋ ಮುದುಕರು ಕೆಮ್ಮತೊಡಗಿದರು. ಕೆಮ್ಮು ಏರಿತು, ಉಸಿರು ಸಿಕ್ಕಿಕೊಂಡಿತು. ಆಗ ‘ಲೊಚ್’ ಎಂದು ನಾಲಿಗೆ ಲೊಚಗುಟ್ಟಿದ ಸದ್ದು. ಅದರ ಹಿಂದೆಯೇ ಒಂದು ಹುಡುಗಿಯ ದನಿ: “ಮೆಲ್ಲಕೆ. ಬಿಡಿ ಉಸಿರು. ಇನ್ನೂ ಮೆಲ್ಲಕೆ. ನಾನಿಲ್ಲೇ ಇದೀನಿ.”

ಚಂದ್ರಕಲಾಳ ಕೈಯಿಂದ ರವಿಕೆ ಜಾರಿತು.

“ಅದು ಗೂಡು ಕಣ್ರೀ, ಗಾಬರಿ ಆಗ್ಬೇಡಿ,” ಎಂದಳು ಮನೆಯಾಕೆ ನಗುತ್ತಾ. “ನಮ್ಮ ಮಾವನೋರಿಗೆ ಆ ಹುಡುಗಿ ದನಿ ಅಂದ್ರೆ ಪ್ರಾಣ. ನಾವು ಕರೆದ್ರೆ ಓಗೊಡಲ್ಲ, ಅದು ಲೊಚ್ ಅಂದ್ರೆ ಸಾಕು, ಮಗೂ ಥರ ಸುಮ್ಮನಾಗ್ತಾರೆ.”

ಚಂದ್ರಕಲಾ ಚಪ್ಪಲಿ ಮೆಟ್ಟುವುದನ್ನೂ ಮರೆತು, ಆ ಮಾರ್ಚ್ ಬಿಸಿಲಲ್ಲಿ, ಶಿರಾಗೇಟಿನವರೆಗೆ ಬರಿಗಾಲಲ್ಲಿ ನಡೆದು ಬಂದಳು. ಸೋಮವಾರ ಬೆಳಿಗ್ಗೆ ದೂರು ದಾಖಲಾಯಿತು. ದೂರಿನ ‘ನೀವು ಬಯಸುವ ಪರಿಹಾರ’ ಎಂಬ ಜಾಗದಲ್ಲಿ ಆಕೆ ಒಂದೇ ವಾಕ್ಯ ಬರೆದಿದ್ದಳು: ನನ್ನ ಮಗಳನ್ನು ಎಲ್ಲರ ಮನೆಯಿಂದಲೂ ಕರೆಸಿಕೊಡಿ.

*

ಕಿವಿಗೂಡಿನ ಕೆಲಸ ಸರಳ. ಹಿಂದಿನ ಕಾಲದ ಗೋಡೆಗಳಲ್ಲಿ ದೀಪ ಇಡಲು ಇರುತ್ತಿದ್ದ ಗೂಡಿನ ಆಕಾರದ, ಅಂಗೈಯಗಲದ ಪೆಟ್ಟಿಗೆ. ಶ್ವಾಸಕೋಶದ ಕಾಯಿಲೆಯವರಿರುವ ಮನೆಗಳಲ್ಲಿ ಅದನ್ನು ಹಾಕುತ್ತಾರೆ. ಕೆಮ್ಮಿನ ಸದ್ದು, ಉಸಿರಿನ ಗತಿ ಎರಡನ್ನೂ ಅದು ದಿನವಿಡೀ ಆಲಿಸುತ್ತದೆ. ಉಸಿರು ಕಟ್ಟುವಾಗ ರೋಗಿಗೆ ಹುಟ್ಟುವ ಭಯ, ಕಾಯಿಲೆಗಿಂತ ಹೆಚ್ಚಾಗಿ ಕತ್ತು ಹಿಸುಕುತ್ತದೆ. ಆ ಹೊತ್ತಿನಲ್ಲಿ ಯಾರಾದರೂ ಪಕ್ಕದಲ್ಲಿದ್ದು ಮೆಲುದನಿಯಲ್ಲಿ ಮಾತನಾಡಿದರೆ ಉಸಿರು ಹಳಿಗೆ ಬರುತ್ತದೆ. ಯಾರೂ ಇಲ್ಲದಿದ್ದರೆ ಗೂಡೇ ಮಾತನಾಡುತ್ತದೆ.

ಯಾರ ದನಿಯಲ್ಲಿ ಎಂಬುದು ಪ್ರಶ್ನೆಯಾಗಿತ್ತು. ಆರಂಭದಲ್ಲಿ ನುರಿತ ಕಲಾವಿದರ ದನಿಗಳನ್ನು ಬಳಸಿ ನೋಡಿದರು. ರೋಗಿಗಳಿಗೆ ಅದು ರೈಲು ನಿಲ್ದಾಣದ ಪ್ರಕಟಣೆಯಂತೆ ಕೇಳಿಸಿತು. ಆಮೇಲೆ, ಗೂಡುಗಳು ಮನೆಗಳಿಂದ ಸಂಗ್ರಹಿಸಿದ ಸಾವಿರಾರು ಸಾಮಾನ್ಯ ದನಿಗಳಿಂದ ‘ಅಚ್ಚು’ಗಳನ್ನು ತಯಾರಿಸಿದರು. ಅಚ್ಚು ಎಂದರೆ ಧ್ವನಿಮುದ್ರಣವಲ್ಲ. ಒಬ್ಬ ವ್ಯಕ್ತಿಯ ಗಂಟಲು, ನಾಲಿಗೆ, ಮೂಗಿನ ಹೊಳ್ಳೆಗಳು ಗಾಳಿಯನ್ನು ತಿರುಗಿಸುವ ರೀತಿಯ ಲೆಕ್ಕಾಚಾರ. ಅದೊಂದಿದ್ದರೆ ಆ ವ್ಯಕ್ತಿ ಎಂದೂ ಆಡದ ಮಾತನ್ನೂ ಆ ವ್ಯಕ್ತಿಯ ದನಿಯಲ್ಲೇ ಆಡಿಸಬಹುದು. ಅಚ್ಚಿಗೆ ಹೆಸರಿಲ್ಲ, ಊರಿಲ್ಲ, ಸಂಖ್ಯೆ ಮಾತ್ರ. ಆದ್ದರಿಂದ ಅದು ‘ಗುರುತು ತೆಗೆದ ಮಾಹಿತಿ’ ಎಂದು ಸಂಸ್ಥೆಯ ಗೌಪ್ಯತಾ ನೀತಿ ಹೇಳುತ್ತದೆ.

ಮೇದಿನಿಯ ಅಚ್ಚಿನ ಸಂಖ್ಯೆ 7719. ಉಳಿದ ಅಚ್ಚುಗಳು ಒಂದು ಉಸಿರನ್ನು ಹದಕ್ಕೆ ತರಲು ಸರಾಸರಿ ನೂರನಲವತ್ತು ಸೆಕೆಂಡು ತೆಗೆದುಕೊಂಡರೆ ಇದು ತೊಂಬತ್ತೈದೇ ಸೆಕೆಂಡಿನಲ್ಲಿ ತರುತ್ತಿತ್ತು. ಯಂತ್ರ ಅದನ್ನು ತಾನಾಗಿಯೇ ಗಮನಿಸಿ ಮನೆಯಿಂದ ಮನೆಗೆ ಹಂಚುತ್ತ ಹೋಗಿತ್ತು. ಮಾತಿಗೆ ಮೊದಲು ನಾಲಿಗೆ ಲೊಚಗುಟ್ಟುವ ಅವಳ ಅಭ್ಯಾಸ, ಆ ‘ಲೊಚ್’ ಕೂಡ ರೋಗಿಗಳಿಗೆ ಹಿತವೆನಿಸುತ್ತದೆಂದು ಕಂಡುಕೊಂಡು ಉಳಿಸಿಕೊಂಡಿತ್ತು. ಈಗ 11,412 ಮನೆಗಳಲ್ಲಿ ಮೇದಿನಿ ‘ನಾನಿಲ್ಲೇ ಇದೀನಿ’ ಎನ್ನುತ್ತಿದ್ದಳು.

ಪ್ರಣತಿ ಆ ಮನೆಗಳ ಪಟ್ಟಿಯನ್ನು ಕೆಳಗಿನವರೆಗೂ ಸರಿಸಿ ನೋಡಿದಳು. ಕೊನೆಯ ಪುಟದಲ್ಲಿ ಶಿರಾಗೇಟಿನ ಬಾಡಿಗೆ ಮನೆಯ ವಿಳಾಸವೂ ಇತ್ತು.

ಚಂದ್ರಕಲಾಳ ಗಂಡ ರುದ್ರೇಶ್ ಗ್ರಾನೈಟ್ ಪಾಲಿಶ್ ಘಟಕದಲ್ಲಿ ಹದಿನೇಳು ವರ್ಷ ದುಡಿದು, ಕಲ್ಲಿನ ದೂಳನ್ನು ಎದೆಯಲ್ಲಿ ತುಂಬಿಕೊಂಡು ಮನೆ ಸೇರಿದ್ದವನು. ಗೂಡು ಬಂದದ್ದು ಅವನಿಗಾಗಿ. ಕಳೆದ ಹದಿನೆಂಟು ತಿಂಗಳಲ್ಲಿ ಅಚ್ಚು 7719 ಅವನೊಂದಿಗೆ 1,306 ಸಲ ಮಾತನಾಡಿತ್ತು. ಅವುಗಳಲ್ಲಿ 894 ಸಲ ಅವನ ಉಸಿರಿನ ಗತಿಯಲ್ಲಿ ಯಾವ ಏರುಪೇರೂ ಇರಲಿಲ್ಲ. ಬರೀ ಕೆಮ್ಮು, ಅದೂ ಎದೆಯಿಂದ ಬಂದದ್ದಲ್ಲ, ಗಂಟಲಿನಿಂದ. ಎಲ್ಲವೂ ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಒಂದರೊಳಗೆ. ಉಳಿದ ಹೊತ್ತಿನಲ್ಲಿ ಗೂಡಿನ ‘ಮೌನ’ ಗುಂಡಿ ಒತ್ತಿರುತ್ತಿತ್ತು.

ಅವನು ಸುಳ್ಳುಸುಳ್ಳೇ ಕೆಮ್ಮುತ್ತಿದ್ದ.

ಪ್ರಣತಿ ಪರದೆಯನ್ನು ತಟ್ಟನೆ ಮುಚ್ಚಿದಳು. ಬಚ್ಚಲ ಬಾಗಿಲನ್ನು ಅರಿಯದೆ ತಳ್ಳಿಬಿಟ್ಟವರು ಹಿಂದೆ ಸರಿಯುವಂತೆ.

*

ಮಂಗಳವಾರ ಅವಳು ಶಿರಾಗೇಟಿಗೆ ಹೋದಾಗ ಚಂದ್ರಕಲಾಳೇ ಬಾಗಿಲು ತೆರೆದಳು. ಕೊರಳಲ್ಲಿ ಅಳತೆಪಟ್ಟಿ, ಬಾಯಲ್ಲಿ ಎರಡು ಗುಂಡುಸೂಜಿ. ಸೂಜಿಗಳನ್ನು ತೆಗೆದು ಸೆರಗಿಗೆ ಚುಚ್ಚಿಕೊಂಡು, “ಕಂಪನಿಯೋರಾ? ಬನ್ನಿ. ಸ್ವಲ್ಪ ಮೆತ್ತಗೆ ಮಾತಾಡಣ, ಮನೆಯೋರು ಒಳಗೆ ಮಲಗವ್ರೆ,” ಎಂದಳು.

ಪ್ರಣತಿ ನಮೂನೆ ತೆರೆದು ಕೂತಳು. ಮನೆಯಲ್ಲಿ ಈಗ ಇರುವವರ ಸಂಖ್ಯೆ ಎಂಬುದು ಅದರಲ್ಲಿ ಮೊದಲ ಪ್ರಶ್ನೆ. “ಎಷ್ಟು ಜನ ಇದ್ದಾರಮ್ಮ ಮನೆಯವರು?”

ಚಂದ್ರಕಲಾ ಅವಳನ್ನೇ ದಿಟ್ಟಿಸಿದಳು. “ಎಷ್ಟು ಜನ ಅಂದ್ರೆ? ಎಲ್ಲಾರ್ಗೂ ಇರೋ ಹಂಗೆ ನನಗೂ ಒಬ್ರೇ ಕಣಮ್ಮ. ಯಾಕೆ, ನಿಮ್ಮ ಕಂಪನೀಲಿ ಇಬ್ಬರಿಬ್ಬರನ್ನ ಇಟ್ಕೋತಾರಾ?”

ಪ್ರಣತಿಯ ಬೆರಳು ನಮೂನೆಯ ಮೇಲೆ ಹಾಗೇ ನಿಂತಿತು.

ಒಪ್ಪಿಗೆಯ ಪರದೆಯ ವಾಕ್ಯ ಅವಳಿಗೆ ಬಾಯಿಪಾಠವಾಗಿತ್ತು. ‘ನಿಮ್ಮ ಮನೆಯವರ ಧ್ವನಿಯನ್ನು ಸಂಗ್ರಹಿಸಲು, ಸಂಸ್ಕರಿಸಲು ಹಾಗೂ ಅಗತ್ಯವಿರುವವರೆಗೆ ಬಳಸಲು ನಿಮ್ಮ ಒಪ್ಪಿಗೆ ಇದೆಯೇ?’ ಮೂವತ್ತೊಂದು ಪುಟಗಳ ನೀತಿಯಲ್ಲಿ ಜನ ನಿಜವಾಗಿ ಓದುತ್ತಿದ್ದದ್ದು ಆ ಒಂದೇ ವಾಕ್ಯವನ್ನು. ಮನೆಯಲ್ಲಿ ವಾಸಿಸುವ ಎಲ್ಲ ಸದಸ್ಯರು ಎಂಬ ಅರ್ಥದಲ್ಲಿ ಸಂಸ್ಥೆ ಅದನ್ನು ಬರೆಸಿತ್ತು. ಕನ್ನಡ ಪಠ್ಯ ಸರಿಯಿದೆಯೆಂದು ಪರಿಶೀಲಿಸಿ, ‘ಅನುಮೋದಿಸಿದೆ’ ಎಂದು ಗುರುತು ಹಾಕಿದವಳು ಆಗಷ್ಟೇ ಪದವಿ ಮುಗಿಸಿ ಭಾಷಾ ವಿಭಾಗಕ್ಕೆ ಸೇರಿದ್ದ ಇಪ್ಪತ್ಮೂರರ ಪ್ರಣತಿ. ಹೆಂಗಸರು ಗಂಡನ ಹೆಸರು ಹೇಳದೆ ‘ಮನೆಯವರು’ ಎನ್ನುವುದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಬರಹಕ್ಕಿಳಿದ ಪದ ಬಾಯಿಯ ವಾಸನೆಯನ್ನು ಕಳಚಿಟ್ಟು ಬರುತ್ತದೆ ಎಂದು ಭಾವಿಸಿದ್ದಳು, ಅಷ್ಟೆ.

“ನಾನು ಓದ್ದೇ ಒತ್ತೋಳಲ್ಲ,” ಎನ್ನುತ್ತಿದ್ದಳು ಚಂದ್ರಕಲಾ. “ಪೆಟ್ಟಿಗೆ ಹಾಕಕ್ಕೆ ಬಂದೋರು ‘ಒತ್ತಿ ಅಕ್ಕ, ಎಲ್ಲಾರೂ ಒತ್ತಾರೆ’ ಅಂದ್ರು. ನಾನು ಬಿಡಲಿಲ್ಲ, ಕನ್ನಡಕ ಹಾಕ್ಕೊಂಡು ಒಂದೊಂದು ಅಕ್ಷರಾನೂ ಓದಿದೆ. ಮನೆಯವರ ಧ್ವನಿ ಅಂತಿತ್ತು. ಕೆಮ್ಮು ಅವರದು ತಾನೆ? ಒತ್ತಿದೆ. ನನ್ನ ಮಗಳದು ಅಂತ ಬರೆದಿದ್ರೆ ನಾನ್ಯಾಕೆ ಒತ್ತಿರ್ತಿದ್ದೆ? ಅವಳು ಆವಾಗ ಕಾಲೇಜಿಗೆ ಹೋಗಿದ್ಲು. ಮನೇಲೇ ಇರಲಿಲ್ಲ.”

“ಸಂಜೆ ಬಂದ ಮೇಲೆ ಅವರಿಗೆ ಹೇಳಿದ್ರಾ?”

“ಏನಂತ ಹೇಳ್ಲಿ? ಅಪ್ಪನ ಕೆಮ್ಮಿಗೊಂದು ಪೆಟ್ಟಿಗೆ ಬಂತು ಅಂದೆ. ಅಷ್ಟೇ ಅಂತ ನಾನೇ ಅಂದ್ಕೊಂಡಿದ್ನಲ್ಲ.”

ಒಳಬಾಗಿಲ ಚೌಕಟ್ಟು ಹಿಡಿದು ರುದ್ರೇಶ್ ನಿಂತಿದ್ದ. ಎಷ್ಟು ಹೊತ್ತಿನಿಂದಲೋ ತಿಳಿಯದು. ಅಂಗಿಯೊಳಗೆ ದೇಹವಿರುವುದು ಉಸಿರೆಳೆದಾಗ ಮಾತ್ರ ಗೊತ್ತಾಗುತ್ತಿತ್ತು.

“ಬರ್ಕೊಳ್ಳಿ ಮೇಡಂ,” ಎಂದ. “ಅವಳ ಅಪ್ಪ ನಾನು. ನಾನು ಒಪ್ತೀನಿ. ದನಿ ಇರ್ಲಿ.”

“ಏನನ್ನ ರೀ ನೀವು ಒಪ್ಪೋದು?” ಚಂದ್ರಕಲಾ ತಿರುಗಿದಳು. “ನಿಮಗೇನು ಗೊತ್ತು ಇದರ ವಿಷಯ?”

ಪ್ರಣತಿ ತಲೆ ತಗ್ಗಿಸಿದಳು. 894 ಎಂಬ ಅಂಕಿ ಅವಳ ನಾಲಿಗೆಯ ಕೆಳಗೆ ಕೆಂಡದಂತೆ ಇತ್ತು. ಹೇಳುವ ಹಕ್ಕು ಅವಳದಲ್ಲ.

ರುದ್ರೇಶ್ ಗೋಡೆ ಹಿಡಿದುಕೊಂಡೇ ಬಂದು ಹೊಲಿಗೆಯಂತ್ರದ ಸ್ಟೂಲಿನ ಮೇಲೆ ಕೂತ. “ಅವಳು ನನ್ನ ಹತ್ರ ಮಾತಾಡ್ತಾಳೆ, ಕಲಾ.”

“ಯಾವಾಗ?”

“ನೀನು ಬಟ್ಟೆ ಕೊಡಕ್ಕೆ ಹೋದಾಗ.”

“ಎಷ್ಟು ದಿವಸದಿಂದ?”

“ಅವಳು ಹೋದ್ಮೇಲೆ ಗಣಾರಾಧನೆ ಆಯ್ತಲ್ಲ, ಅದರ ಮಾರನೇ ದಿವಸದಿಂದ. ನೀನು ಇರಲಿಲ್ಲ. ಉಸಿರು ಸಿಕ್ಕಾಕ್ಕೊಂಡಿತ್ತು, ನಿಜವಾಗ್ಲೂ. ಹೋದೆ ಅಂದ್ಕೊಂಡೆ. ಆಗ ಲೊಚ್ ಅಂದ್ಲು.” ಅವನು ಕೈಯನ್ನು ಮೊಣಕಾಲಿನ ಮೇಲಿಟ್ಟು ಅದನ್ನೇ ನೋಡುತ್ತಿದ್ದ. “ಆಮೇಲೆ... ಆಮೇಲೆ ನಾನೇ ಕೆಮ್ತಿದ್ದೆ.”

“ನನಗೆ ಹೇಳ್ಲಿಲ್ಲ.”

“ಹೇಳಿದ್ರೆ ಕಿತ್ತಾಕ್ತಿದ್ದೆ.”

“ಹೂಂ, ಕಿತ್ತಾಕ್ತಿದ್ದೆ! ಸತ್ತ ಮಗಳ ಕೈಲಿ ಊರೋರ ಕೆಮ್ಮಿಗೆಲ್ಲ ಚಾಕರಿ ಮಾಡಿಸ್ತಾವ್ರೆ. ಯಾರ್ಯಾರ ಹಾಸಿಗೆ ಪಕ್ಕದಲ್ಲೋ ನಿಲ್ಲಿಸವ್ರೆ ಅವಳನ್ನ. ನೀವು ಬಾಗಿಲು ಹಾಕ್ಕೊಂಡು ಕೂತು ಕೇಳ್ತಿದ್ರಾ? ನಾನು ಒಂದೂವರೆ ವರ್ಷದಿಂದ ಅವಳ ದನಿ ಹೆಂಗಿತ್ತು ಅಂತ ನೆನಪು ಮಾಡ್ಕೊಳ್ಳಕ್ಕೆ ಒದ್ದಾಡ್ತಿದೀನಿ...”

ಹೊರಗೆ ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು.

“ಅದು ಅವಳಲ್ಲ ಅಂತ ನನಗೂ ಗೊತ್ತು,” ಎಂದ ರುದ್ರೇಶ್. “ನನ್ನ ಉಸಿರಿಗೆ ಗೊತ್ತಿಲ್ವಲ್ಲ, ಏನ್ ಮಾಡ್ಲಿ. ಒಂದು ಹೇಳು ನೀನು. ಅವಳಿದ್ದಿದ್ರೆ ಬೇಡ ಅಂತಿದ್ಲಾ? ಅಪ್ಪಂಗೆ ತಾನೆ?”

ಚಂದ್ರಕಲಾ ಸೆರಗಿನ ಗುಂಡುಸೂಜಿಗಳನ್ನು ತೆಗೆದು, ಮತ್ತೆ ಚುಚ್ಚಿ, ಮತ್ತೆ ತೆಗೆದಳು. ಆಮೇಲೆ ಪ್ರಣತಿಯ ಕಡೆ ತಿರುಗಿ, “ನೀವೇ ಹೇಳಿ ಮೇಡಂ. ಓದಿರೋರು. ಅವಳ ದನಿ ಯಾರದು? ನಂದಾ, ಇವರದಾ, ಕಂಪನೀದಾ?” ಎಂದು ಕೇಳಿದಳು.

*

ಪ್ರಣತಿಗೆ ಗೊತ್ತಿದ್ದ ದಾರಿ ಒಂದೇ: ಅಳೆಯುವುದು. ಒಪ್ಪಿಗೆ ಕೊಟ್ಟ ಮಹಿಳೆಯರ ಪಟ್ಟಿಯಿಂದ ಯಾವ ಆಯ್ಕೆಯೂ ಇಲ್ಲದೆ ಅರವತ್ತು ಹೆಸರುಗಳನ್ನು ಹೆಕ್ಕಿದಳು. ಮುಂದಿನ ಮೂರು ದಿನ ಅವರಿಗೆ ಫೋನ್ ಮಾಡಿ, ತಾನು ಯಾರೆಂದು ಹೇಳಿದ ಮೇಲೆ, ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿದಳು: “ಮನೆಯವರು ಇದ್ದಾರಾ?”

“ಇಲ್ಲ, ಡ್ಯೂಟಿಗೆ ಹೋಗವ್ರೆ.” “ಸ್ನಾನಕ್ಕೆ ಹೋಗಿದಾರೆ, ಹೊರಗೆ ಬಂದ್ಮೇಲೆ ಮಾಡಿಸ್ಲಾ?” “ಯಾಕೆ? ಏನ್ ಮಾಡಿದ್ರು?” ಒಬ್ಬಾಕೆ, “ಅವರು ಹೋಗಿ ಆರು ವರ್ಷ ಆಯ್ತಲ್ಲಮ್ಮ. ಯಾರೂ ಹೇಳಲಿಲ್ವಾ ನಿಮಗೆ?” ಎಂದಳು.

ಅರವತ್ತರಲ್ಲಿ ಐವತ್ತಾರು ಜನ ಗಂಡನ ವಿಷಯ ಮಾತ್ರ ಹೇಳಿದರು. ಮೂವರು ‘ಯಾರು ಬೇಕಿತ್ತು?’ ಎಂದು ಕೇಳಿದರು. ಒಬ್ಬಳು ಫೋನ್ ಇಟ್ಟಳು.

ವಿಭಾಗದ ಮುಖ್ಯಸ್ಥರಾದ ಸತ್ಯಪ್ರಸಾದ್ ಆ ಕೋಷ್ಟಕವನ್ನು ಎರಡು ಸಲ ಓದಿದರು. ಕೆಟ್ಟ ಮನುಷ್ಯರಲ್ಲ. ಅವರ ತಾಯಿಯ ಕೋಣೆಯಲ್ಲೂ ಒಂದು ಗೂಡಿತ್ತು.

“ಚೆನ್ನಾಗಿ ಮಾಡಿದ್ದೀಯ,” ಎಂದರು. “ಪದಕ್ಕೆ ಎರಡು ಅರ್ಥ ಇದೆ ಅಂತ ಬರಿ. ಮುಂದಿನ ಆವೃತ್ತೀಲಿ ತಿದ್ದೋಣ. ಹಳೇ ಒಪ್ಪಿಗೆಗಳನ್ನ ಮಾತ್ರ ಮುಟ್ಟಬೇಡ.”

“ಹಾಗಾದರೆ ಅಚ್ಚು?”

“ಹನ್ನೊಂದು ಸಾವಿರ ಮನೆ ಕಣಮ್ಮ. ಇದನ್ನ ಅಳಿಸಿದ್ರೆ ಒಬ್ಬೊಬ್ಬರಿಗೂ ನಲವತ್ತೈದು ಸೆಕೆಂಡು ಹೆಚ್ಚಾಗುತ್ತೆ. ಉಸಿರು ಕಟ್ಟಿದೋರಿಗೆ ನಲವತ್ತೈದು ಸೆಕೆಂಡು ಅಂದ್ರೆ ಏನು ಅಂತ ನಾನು ಅಮ್ಮನ ಪಕ್ಕ ಕೂತು ನೋಡಿದೀನಿ. ತಾಯಿ ಬೇಡ ಅಂತಾರೆ, ತಂದೆ ಬೇಕು ಅಂತಾರೆ. ನಾವು ಯಾರ ಮಾತು ಕೇಳೋಣ? ಆ ಹುಡುಗೀನೇ ಬೇಡ ಅಂದಿದ್ರೆ ಬೇರೆ ಮಾತು. ನಿಯಮ ಇದೆ, ಯಾರ ದನಿಯೋ ಅವರೇ ನಿರಾಕರಿಸಿದ್ರೆ ಅದೇ ದಿನ ಎಲ್ಲಾ ಮನೆಯಿಂದ ಅಳಿಸ್ತೀವಿ, ನಾನೇ ಅಳಿಸ್ತೀನಿ. ಸತ್ತೋರು ಎದ್ದು ಬಂದು ಬೇಡ ಅಂತಾರಾ?” ಅವರು ಕೋಷ್ಟಕವನ್ನು ಮರಳಿ ಕೊಟ್ಟು, ದನಿ ತಗ್ಗಿಸಿದರು. “ಆ ವಾಕ್ಯಕ್ಕೆ ಅನುಮೋದನೆ ಕೊಟ್ಟೋರು ಯಾರು ಅಂತ ನೋಡ್ಕೊಂಡಿದ್ದೀಯ ತಾನೆ?”

“ನೋಡಿದ್ದೇನೆ ಸರ್. ವರದಿಯ ಎರಡನೇ ಪುಟದಲ್ಲಿ ಬರೆದಿದ್ದೇನೆ.”



ವರದಿ ಸಲ್ಲಿಸಲು ಬುಧವಾರ, ಮಾರ್ಚ್ ಇಪ್ಪತ್ತೈದು, ಕೊನೆಯ ದಿನ. ಅದಕ್ಕೆ ಮೊದಲು ಒಂದು ಕೆಲಸ ಬಾಕಿಯಿತ್ತು. ಅಚ್ಚು ಯಾವ ಯಾವ ಧ್ವನಿತುಣುಕುಗಳಿಂದ ತಯಾರಾಯಿತೋ ಅವನ್ನೆಲ್ಲ ಪಟ್ಟಿ ಮಾಡಬೇಕು. ಮನೆಗಳ ಧ್ವನಿಯನ್ನು ತೊಂಬತ್ತು ದಿನಗಳಲ್ಲಿ ಅಳಿಸಲಾಗುತ್ತದೆ ಎಂದು ನೀತಿ ಹೇಳುತ್ತದೆ. ಅಚ್ಚಿಗೆ ಬೇಕಾದ ತುಣುಕುಗಳು ಮಾತ್ರ ‘ಅಗತ್ಯವಿರುವವರೆಗೆ’ ಉಳಿಯುತ್ತವೆ. ಯಾರ ಅಗತ್ಯ, ಎಲ್ಲಿಯವರೆಗೆ ಎಂಬುದು ಮೂವತ್ತೊಂದು ಪುಟಗಳಲ್ಲಿ ಎಲ್ಲಿಯೂ ಇಲ್ಲ. ಮೇದಿನಿಯ ತುಣುಕುಗಳು 3,116 ಇದ್ದವು. ಸಾಮಾನ್ಯವಾಗಿ ಯಾರೂ ಅವನ್ನು ತೆರೆದು ಕೇಳುವುದಿಲ್ಲ. ಎಣಿಸಿ ಸಂಖ್ಯೆ ಬರೆಯುತ್ತಾರೆ. ಪ್ರಣತಿ ಶನಿವಾರ ಬೆಳಿಗ್ಗೆ ಸಂಸ್ಥೆಯ ಪ್ರಯೋಗಶಾಲೆಗೆ ಬಂದು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಒಂದನೆಯದರಿಂದ ಆರಂಭಿಸಿದಳು.

ತುಣುಕುಗಳು ದಿನಾಂಕದ ಕ್ರಮದಲ್ಲಿರಲಿಲ್ಲ, ವರ್ಣಮಾಲೆಯ ಕ್ರಮದಲ್ಲಿದ್ದವು. ಯಾವ ತುಣುಕಿನಿಂದ ಯಾವ ಅಕ್ಷರದ ಉಚ್ಚಾರಣೆಯನ್ನು ಕಲಿಯಿತೋ ಆ ಅಕ್ಷರದ ಕೆಳಗೆ ಯಂತ್ರ ಅದನ್ನು ಇಟ್ಟಿತ್ತು. ಅಕಾರದಲ್ಲಿ “ಅಮ್ಮಾ, ನನ್ನ ದುಪಟ್ಟಾ ಎಲ್ಲಿ?” ಇತ್ತು. ಹಿಂದೆ ಕುಕ್ಕರಿನ ಸೀಟಿ. ಕಕಾರದಲ್ಲಿ ಮೇದಿನಿ ಕಾರ್ಬನ್ನಿನ ಸಂಯುಕ್ತಗಳನ್ನು ಉರುಹೊಡೆಯುತ್ತಿದ್ದಳು. ಗಕಾರದಲ್ಲಿ ಯಾರೊಂದಿಗೋ ಫೋನಿನಲ್ಲಿ ಗುಟ್ಟು ಹೇಳುತ್ತಿದ್ದಳು; ಪ್ರಣತಿ ಅದನ್ನು ಪೂರ್ತಿ ಕೇಳದೆ ಮುಂದಕ್ಕೆ ಸರಿಸಿದಳು. ತಕಾರದಲ್ಲಿ ಅಪ್ಪನಿಗೆ ತಮಾಷೆ ಮಾಡಿ ತಾನೇ ನಗುತ್ತಿದ್ದಳು. ಒಂದು ಮನೆಯ ಎರಡು ವರ್ಷಗಳ ಬಾಳು ಚೂರುಚೂರಾಗಿ, ಅಕ್ಷರಗಳ ಡಬ್ಬಿಗಳಲ್ಲಿ ಬೇಳೆಕಾಳಿನಂತೆ ತುಂಬಿತ್ತು. ಪ್ರತಿಯೊಂದಕ್ಕೂ ಯಂತ್ರದ ಒಂದು ಚೀಟಿ: ದಿನಾಂಕ, ಸ್ಪಷ್ಟತೆ, ಬಳಕೆ.

ಭಾನುವಾರ ಸಂಜೆಯ ಹೊತ್ತಿಗೆ ಪ್ರಣತಿಗೆ ಆ ಹುಡುಗಿ ನೆಗಡಿಯಾದಾಗ ಹೇಗೆ ಮಾತನಾಡುತ್ತಿದ್ದಳು, ಅಮ್ಮನ ಮೇಲೆ ಸಿಟ್ಟಾದಾಗ ಯಾವ ಪದವನ್ನು ಎಳೆಯುತ್ತಿದ್ದಳು ಎಂಬುದೆಲ್ಲ ಗೊತ್ತಾಗಿತ್ತು. ಮನೆಗೆ ಹೋಗಿ ಊಟಕ್ಕೆ ಕೂತಾಗ ಬೆನ್ನ ಹಿಂದೆ ಯಾರೋ ಮಾತಿಗೆ ಬಾಯಿ ತೆರೆಯುತ್ತಿರುವಂತೆ ಅನಿಸಿ ಎರಡು ಸಲ ತಿರುಗಿ ನೋಡಿದಳು. “ಯಾರನ್ನೇ ಹುಡುಕ್ತಿದ್ದೀ?” ಎಂದು ತಾಯಿ ಕೇಳಿದರು. ಬದುಕಿದ್ದಾಗ ತನ್ನನ್ನು ನೋಡಿಯೇ ಇರದ ಒಬ್ಬಳ ಬಗ್ಗೆ ತನಗೆ ಇಷ್ಟೆಲ್ಲ ತಿಳಿದಿರುವುದು ಕಳವಿನಂತೆ ಕಂಡಿತು. ನಿಲ್ಲಿಸಿಬಿಡೋಣ ಎನಿಸಿತು. ಆದರೆ ಆ ಹುಡುಗಿಯ ಹೆತ್ತವರು, ಕಂಪನಿ, ಹನ್ನೊಂದು ಸಾವಿರ ರೋಗಿಗಳು ಎಲ್ಲರೂ ಮಾತನಾಡಿಯಾಗಿತ್ತು. ಅವಳನ್ನು ಕೇಳಿಸಿಕೊಳ್ಳಲು ಬೇರೆ ದಾರಿ ಉಳಿದಿರಲಿಲ್ಲ.

ಸೋಮವಾರ ಮಧ್ಯಾಹ್ನ ಬಕಾರಕ್ಕೆ ಬಂದಳು. 2,207ನೆಯ ತುಣುಕು ಒಂಬತ್ತು ಸೆಕೆಂಡುಗಳದು. ಅದನ್ನು ಕೇಳಿದಳು. ಮತ್ತೆ ಕೇಳಿದಳು. ಮೂರನೆಯ ಸಲ ಕಣ್ಣು ಮುಚ್ಚಿಕೊಂಡು ಕೇಳಿ, ಹೆಡ್‌ಫೋನ್ ತೆಗೆದಿಟ್ಟು, ಬುಧವಾರದವರೆಗೂ ಕಾಯದೆ ವರದಿಯ ಕೊನೆಯ ಪುಟವನ್ನು ಬರೆಯಲು ಕೂತಳು. ಶಿರಾಗೇಟಿನ ಆ ಮನೆಯಲ್ಲಿ ಇದನ್ನು ಇಬ್ಬರು ಓದುತ್ತಾರೆ, ಇಬ್ಬರಿಗೂ ಇದು ಒಂದೇ ರೀತಿಯಲ್ಲಿ ತಾಗುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಎರಡು ಅರ್ಥ ಬರುವ ಒಂದು ಪದವೂ ನುಸುಳದಂತೆ, ಪ್ರತಿ ವಾಕ್ಯವನ್ನೂ ಬಾಯಿಬಿಟ್ಟು ಓದಿ ನೋಡಿ, ಇಷ್ಟನ್ನು ಬರೆದಳು:

ಶೋಧನೆ: ಅಚ್ಚು ಸಂಖ್ಯೆ 7719ಕ್ಕೆ ಬಳಸಿದ ಧ್ವನಿ ಮೇದಿನಿ ಎಂಬ ವ್ಯಕ್ತಿಯದು. ಸಾಧನ ಅಳವಡಿಸಿದಾಗ ಅವರ ವಯಸ್ಸು ಹತ್ತೊಂಬತ್ತು. ಅವರ ಒಪ್ಪಿಗೆಯನ್ನು ಯಾರೂ ಕೇಳಿಲ್ಲ. 2039ರ ಜುಲೈ 11ರಂದು, ಸಂಜೆ 5 ಗಂಟೆ 42 ನಿಮಿಷಕ್ಕೆ, ಅವರು ಸಾಧನವನ್ನು ಉದ್ದೇಶಿಸಿ ಆಡಿದ ಮಾತು ಹೀಗಿದೆ: “ಏಯ್ ಗೂಡೇ, ಅಪ್ಪನ ಕೆಮ್ಮು ಕೇಳಿಸ್ಕೋ, ಸಾಕು. ನನ್ನ ದನಿ ಬೇಡ ನಿನಗೆ. ಬರ್ಕೊಂಡ್ಯಾ?” ಸಾಧನವು ಈ ಮಾತನ್ನು ದಾಖಲಿಸಿಕೊಂಡಿದೆ. ಸ್ಪಷ್ಟತೆ: ಅತ್ಯುತ್ತಮ. ಬಳಕೆ: ಅಚ್ಚಿಗೆ ಸೇರಿಸಲಾಗಿದೆ.